ಬಾಗಿದ ಬೆನ್ನು ಬರಿಯ ಮುಪ್ಪಲ್ಲ
(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣದ ಬಗ್ಗೆ ಮಾತನಾಡಲು ಈ ವೇದಿಕೆಯಲ್ಲಿ ನನಗಿಂತ ಯೋಗ್ಯರಿದ್ದಾರೆ. ನಾನು ವೈದ್ಯ. ನಿಮ್ಮ ಮನೆಯ ಅಜ್ಜ ಅಜ್ಜಿಯರ ಬೆನ್ನಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯ ಬುರ್ಖಾದ ಅಂಚು ಮುಂದುಗಡೆ ನೆಲಕ್ಕೆ ತಾಗತೊಡಗಿತು. ಹೊಲಿಗೆ ಸರಿಯಿಲ್ಲವೆಂದು ಟೈಲರನ್ನು ದೂರಿದೆವು. ಆತ ಅಳೆದು ನೋಡಿ, "ಬಟ್ಟೆ ಅಷ್ಟೇ ಉಂಟು ಡಾಕ್ಟರೇ, ಉಮ್ಮ ಗಿಡ್ಡ ಆಗಿದ್ದಾರೆ" ಎಂದ. ದಿನವೂ ಎದುರಿಗಿದ್ದ ನನಗೆ ಕಾಣದ್ದು ಅವನಿಗೆ ಕಂಡಿತ್ತು. ಎಕ್ಸ್‌ರೇ ತೆಗೆಸಿದಾಗ ಬೆನ್ನಿನ ಎರಡು ಮೂಳೆಗಳು ಮುಂಭಾಗದಲ್ಲಿ ಕುಸಿದು ಬೆಣೆಯಂತಾಗಿದ್ದವು. ಹಿಂದೊಮ್ಮೆ ನೀರಿನ ಕೊಡ ಎತ್ತುವಾಗ ಅವರಿಗೆ ಬೆನ್ನು ಹಿಡಿದಿತ್ತು. ಉಳುಕೆಂದು ಎಣ್ಣೆ ಹಚ್ಚಿ ಮರೆತಿದ್ದೆವು.

ಇದು ನಮ್ಮ ಮನೆಯೊಂದರ ಕತೆಯಲ್ಲ. ಬೆನ್ನೆಲುಬಿನ ಇಂತಹ ಮುರಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ವೈದ್ಯರ ಗಮನಕ್ಕೇ ಬರುವುದಿಲ್ಲ. ಇದಕ್ಕೆ ಬೀಳಲೇಬೇಕೆಂದಿಲ್ಲ; ಮೂಳೆ ತೀರಾ ಸವೆದಿದ್ದರೆ ಜೋರಾಗಿ ಕೆಮ್ಮಿದರೂ ಸಾಕು. ಹೀಗೆ ಒಂದು ಮೂಳೆ ಕುಸಿದ ಐವರು ಮಹಿಳೆಯರಲ್ಲಿ ಸುಮಾರು ಒಬ್ಬರಿಗೆ ವರ್ಷದೊಳಗೆ ಇನ್ನೊಂದು ಕುಸಿಯುತ್ತದೆ. ಮೊದಲನೆಯದನ್ನು ಗುರುತಿಸಿದರೆ ಚಿಕಿತ್ಸೆ ಇದೆ. ವಾರಕ್ಕೊಂದು ಮಾತ್ರೆ ಅಥವಾ ವರ್ಷಕ್ಕೊಂದು ಇಂಜೆಕ್ಷನ್. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ನೀರಿನೊಂದಿಗೆ ನುಂಗಿ ಅರ್ಧ ಗಂಟೆ ಮಲಗಬಾರದು, ಅಷ್ಟೇ.

ಬೆನ್ನು ತೀರಾ ಬಾಗಿದರೆ ಶ್ವಾಸಕೋಶಕ್ಕೆ ಅರಳಲು ಜಾಗ ಸಾಲದು. ದೇಹದ ಭಾರ ಮುಂದಕ್ಕೆ ವಾಲಿ ಬೀಳುವ ಅಪಾಯ ಹೆಚ್ಚುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 1,353 ಹಿರಿಯರನ್ನು ಅಂಗಾತ ಮಲಗಿಸಿ, ತಲೆ ನೇರವಾಗಿರಲು ಅದರಡಿಗೆ ಸಣ್ಣ ದಿಮ್ಮಿಗಳು ಬೇಕೇ ಎಂದು ನೋಡಿದರು. ಬೆನ್ನು ಬಾಗಿ ದಿಮ್ಮಿ ಬೇಕಾದವರಲ್ಲಿ ಸಾವಿನ ಪ್ರಮಾಣ ಇತರರಿಗಿಂತ 1.44 ಪಟ್ಟಿತ್ತು. ಬಾಗಿದ ಬೆನ್ನೇ ಕೊಲ್ಲುತ್ತದೆ ಎಂದು ಇದರ ಅರ್ಥವಲ್ಲ, ಹೆದರಬೇಡಿ. ದೇಹದ ಇತರ ದೌರ್ಬಲ್ಯಗಳಿಗೂ ಅದು ಸೂಚನೆಯಾಗಿರಬಹುದು.

ಇನ್ನೊಂದು ಮಾತು. ಬಾಗಿದ ಬೆನ್ನೆಲ್ಲ ಮುರಿದ ಬೆನ್ನಲ್ಲ. ಅನೇಕರಲ್ಲಿ ಬೆನ್ನಿನ ಸ್ನಾಯುಗಳು ಸೋತಿರುತ್ತವೆ, ಡಿಸ್ಕ್ ಸವೆದಿರುತ್ತದೆ. ಇಂತಹವರಿಗೆ ವ್ಯಾಯಾಮದಿಂದ ಪ್ರಯೋಜನವಿದೆ. 60 ದಾಟಿದವರು ವಾರಕ್ಕೆ ಮೂರು ಬಾರಿಯಂತೆ ಆರು ತಿಂಗಳು ಮಾಡಿದಾಗ ಬಾಗು ಸುಮಾರು 3 ಡಿಗ್ರಿ ಇಳಿದುದನ್ನು 2017ರ ಅಧ್ಯಯನವೊಂದು ತೋರಿಸಿದೆ. ಬೆನ್ನು ನೋವಿನೊಂದಿಗೆ ಜ್ವರ, ತೂಕ ಇಳಿಕೆ ಇದ್ದರೆ ಮಾತ್ರ ತಡಮಾಡಬೇಡಿ. ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯ ಇನ್ನೂ ಇದೆ.

ವಿದ್ಯಾರ್ಥಿಗಳೇ, ಇಂದು ಮನೆಗೆ ಹೋಗಿ ಅಜ್ಜಿಯನ್ನು ಗೋಡೆಗೆ ಬೆನ್ನು, ಹಿಮ್ಮಡಿ ತಾಗಿಸಿ ನಿಲ್ಲಲು ಹೇಳಿ. ಪಕ್ಕದಲ್ಲಿ ನೀವಿರಿ. ತಲೆ ಗೋಡೆಗೆ ತಾಗದಿದ್ದರೆ, ಅಥವಾ ಯೌವನದ ಎತ್ತರದಲ್ಲಿ 4 ಸೆಂಟಿಮೀಟರ್‌ಗಿಂತ ಹೆಚ್ಚು ಕಡಿಮೆಯಾಗಿದ್ದರೆ ವೈದ್ಯರಿಗೆ ತೋರಿಸಿ. ದಮ್ಮಿಗಾಗಿ ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರಿದ್ದರೆ ಇನ್ನೂ ಬೇಗ. ನಿಮ್ಮ ಮೂಳೆ ಗಟ್ಟಿಯಾಗುವುದೂ ಹೆಚ್ಚುಕಡಿಮೆ 30ರ ವಯಸ್ಸಿನವರೆಗೆ ಮಾತ್ರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ; ತಂಪು ಪಾನೀಯದ ಬಾಟಲಿಯಲ್ಲಿ ಅದನ್ನು ಹುಡುಕಬೇಡಿ.

ತಾಯಂದಿರೇ, ಕಿಟಕಿಯ ಗಾಜಿನೊಳಗಿನಿಂದ ಬರುವ ಬಿಸಿಲಿನಿಂದ ಡಿ ವಿಟಮಿನ್ ಸಿಗುವುದಿಲ್ಲ. ಮರೆಯಿರುವ ಹಿತ್ತಿಲಲ್ಲೋ ತಾರಸಿಯಲ್ಲೋ ಕೈಕಾಲಿಗೆ ಸ್ವಲ್ಪ ಬಿಸಿಲು ಬೀಳಲಿ.

ಮೂಳೆ ಕುಸಿದವರಿಗೆ ಬೆನ್ನು ಮುಂದಕ್ಕೆ ಬಗ್ಗಿಸುವುದು ಅಪಾಯ. ನಿಲ್ಲಲಾಗದವರು ಕುಳಿತು ನಮಾಝ್ ಮಾಡುವ ರಿಯಾಯಿತಿ ನಮ್ಮ ದೀನ್‌ನಲ್ಲೇ ಇದೆ. ಆದರೂ ನನ್ನ ತಾಯಿ ಕುರ್ಚಿಗೆ ಒಪ್ಪಲು ಎರಡು ತಿಂಗಳು ಬೇಕಾಯಿತು. ಕೊನೆಗೆ ಒಪ್ಪಿಸಿದ್ದು ನಾನಲ್ಲ, ಮೊಹಲ್ಲಾದ ಉಸ್ತಾದರು. ಅವರ ಬೆನ್ನು ನೇರವಾಗಲಿಲ್ಲ. ಆದರೆ ಅಲ್ಲಾಹನ ಕೃಪೆಯಿಂದ ನಾಲ್ಕು ವರ್ಷಗಳಿಂದ ಹೊಸ ಮುರಿತವಿಲ್ಲ. ಬುರ್ಖಾದ ಅಂಚನ್ನು ಆ ಟೈಲರೇ ಮಡಚಿ ಹೊಲಿದುಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ.

ಪ್ರಶ್ನೆಗಳಿದ್ದರೆ ಕೇಳಬಹುದು. ವಸ್ಸಲಾಂ.