ಒಂದು ಕುಕ್ಕರ್, ಎರಡು ತಟ್ಟೆ, ಕುರ್ಚಿ ಇಲ್ಲ

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಿರೋರಲ್ಲಿ ಬಾಡಿಗೆ ಮನೆಯವರೇ ಜಾಸ್ತಿ ಅಂತ ನನ್ನ ಅಂದಾಜು. ಅದಕ್ಕೇ ಇವತ್ತು ನನ್ನ ಮನೆ ಸಾಮಾನಿನ ಕಥೆ. ಭಯ ಬೇಡ, ಪಟ್ಟಿ ಚಿಕ್ಕದು.

ಬೆಂಗಳೂರಿನ ಹೊಸಕೆರೆಹಳ್ಳಿಯಲ್ಲಿ ಎರಡನೇ ಮಹಡಿ, ಸಿಂಗಲ್ ಬೆಡ್‌ರೂಮ್. ಬಾಡಿಗೆ 14 ಸಾವಿರ, ಅಡ್ವಾನ್ಸ್ 70 ಸಾವಿರ. ಕೀ ಕೈಗೆ ಬಂದ ದಿನ ಅಕೌಂಟಲ್ಲಿ ಉಳಿದಿದ್ದು ನಾಲ್ಕು ಸಾವಿರ ಚಿಲ್ಲರೆ. ಕರಾರು 11 ತಿಂಗಳಿಗೆ. ಈ 11 ಎಲ್ಲಿಂದ ಬಂತು ಗೊತ್ತಾ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಲೀಸನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ಯಾರಿಗೂ ಬೇಡ. ಹಾಗಾಗಿ 11. ಆ ಕಾಗದ ನೋಡಿ ನಾನೂ ತೀರ್ಮಾನ ಮಾಡಿದೆ: 11 ತಿಂಗಳಿಗೋಸ್ಕರ ಏನೂ ಕೊಳ್ಳೋದು ಬೇಡ.

ಊರಿಂದ ತಂದಿದ್ದು ಒಂದು ಹಾಸಿಗೆ, ಒಂದು ಚಾಪೆ, ಮೂರು ಲೀಟರಿನ ಕುಕ್ಕರ್, ಎರಡು ತಟ್ಟೆ, ಬಕೆಟ್ಟು. ಗ್ಯಾಸಿಗೆ ಐದು ಕೆಜಿಯ 'ಛೋಟು' ಸಿಲಿಂಡರ್. ಅದಕ್ಕೆ ಗುರುತಿನ ಚೀಟಿ ಸಾಕು, ವಿಳಾಸದ ಪುರಾವೆ ಕೇಳಲ್ಲ. ನಮ್ಮಂಥವರಿಗೆ ದೊಡ್ಡ ಉಪಕಾರ ಅದು. ಕುಕ್ಕರಲ್ಲಿ ಕೆಳಗೆ ಅಕ್ಕಿ, ಮೇಲೆ ಡಬ್ಬಿಯಲ್ಲಿ ಬೇಳೆ. ಫ್ರಿಜ್ ಇಲ್ಲ, ಆದ್ದರಿಂದ ಹಾಲು ಅರ್ಧ ಲೀಟರ್, ಬೀನ್ಸ್ ನೂರು ಗ್ರಾಂ. ತರಕಾರಿ ಅಂಗಡಿಯವರು ಮೊದಮೊದಲು ನಗ್ತಿದ್ರು, ಆಮೇಲೆ ಕೊತ್ತಂಬರಿ ಫ್ರೀ ಕೊಡೋಕೆ ಶುರು ಮಾಡಿದ್ರು. ಬಕೆಟ್ ಬೋರಲು ಹಾಕಿದ್ರೆ ಲ್ಯಾಪ್‌ಟಾಪ್ ಟೇಬಲ್ಲು. ಗೋಡೆಗೆ ಮೊಳೆ ಹೊಡೆಯಂಗಿಲ್ಲ, ಬಟ್ಟೆ ಎಲ್ಲಾ ಸೂಟ್‌ಕೇಸಲ್ಲೇ. ನಿಜ ಹೇಳ್ತೀನಿ, ನನಗೆ ಒಳಗೊಳಗೇ ಹೆಮ್ಮೆ ಇತ್ತು. ಒಂದು ಆಟೋದಲ್ಲಿ ಮನೆ ಖಾಲಿ ಮಾಡಬಲ್ಲೆ ಅಂತ ಫ್ರೆಂಡ್ಸ್ ಹತ್ರ ಕೊಚ್ಚಿಕೊಂಡಿದ್ದೂ ಉಂಟು.

ಎಂಟನೇ ತಿಂಗಳಲ್ಲಿ ಅರಸೀಕೆರೆಯಿಂದ ಅಪ್ಪ ಬಂದ್ರು. ಮಂಡಿ ನೋವು, ಇಲ್ಲಿ ಡಾಕ್ಟರಿಗೆ ತೋರಿಸೋದಿತ್ತು. ಎರಡು ಮಹಡಿ ಮೆಟ್ಟಿಲು ಹತ್ತಿ ಒಳಗೆ ಬಂದವರು ಸುತ್ತ ನೋಡಿದ್ರು. ಕೂರೋಕೆ ಏನೂ ಇಲ್ಲ. "ಪರವಾಗಿಲ್ಲ ಪುಟ್ಟಿ" ಅಂತ ಗೋಡೆ ಹಿಡ್ಕೊಂಡು ಚಾಪೆ ಮೇಲೆ ಕೂತ್ರು. ಕಾಫಿ ಕುಡಿದಾದ ಮೇಲೆ ಏಳೋಕೆ ಆಗ್ಲಿಲ್ಲ. ನಾನು ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಅಪ್ಪನ್ನ ಹಾಗೆ ಎತ್ತಿದ್ದು ಅದೇ ಮೊದಲು. ಇಬ್ಬರೂ ಮಾತಾಡ್ಲಿಲ್ಲ.

ಕೆಳಗಿನ ಮನೆ ಆಂಟಿ ಒಂದು ಕುರ್ಚಿ ಕೊಟ್ಟು ಕಳಿಸಿದ್ರು. ಅಪ್ಪ ಎರಡು ದಿನ ಅದರಲ್ಲೇ ಕೂತಿದ್ರು, ನಾನು ಊಟಕ್ಕೆ ಕೂತಾಗ ಮಾತ್ರ "ನೀನು ಕೆಳಗೆ, ನಾನು ಮೇಲೆ, ಸರಿ ಕಾಣಲ್ಲ" ಅಂತ ಗೊಣಗ್ತಿದ್ರು. ಹೊರಡೋವಾಗ ದುಡ್ಡು ಕೊಡೋಕೆ ಬಂದ್ರು, ನಾನು ತಗೊಳ್ಲಿಲ್ಲ. ಆಮೇಲೆ ನೋಡಿದ್ರೆ ಅಕ್ಕಿ ಡಬ್ಬಿಯಲ್ಲಿ ಎರಡು ಸಾವಿರ ಇಟ್ಟಿದ್ರು. ಅದರಲ್ಲೇ ಎರಡು ಪ್ಲಾಸ್ಟಿಕ್ ಕುರ್ಚಿ ತಂದೆ. ಕೈ ಇರೋದು, ಹಿಡ್ಕೊಂಡು ಏಳೋಕೆ.

ಈಗ ಮೂರನೇ ಕರಾರು ನಡೀತಿದೆ. ಟೆಂಪರರಿ ಅಂದುಕೊಂಡೇ ಎರಡು ವರ್ಷ ದಾಟಿತು. ಫ್ರಿಜ್ ಇನ್ನೂ ಇಲ್ಲ, ಬೇಕು ಅಂತಲೂ ಅನ್ನಿಸಿಲ್ಲ. ಮುಂದಿನ ತಿಂಗಳು ಅಪ್ಪ ಮತ್ತೆ ಬರ್ತಾರೆ, ಈ ಸಲ ಅಮ್ಮನೂ ಜೊತೆಗೆ. ತಟ್ಟೆ ಇನ್ನೊಂದು ತರಬೇಕು.