ಹಳೆ ಕುರ್ಚಿಗೆ ಹೊಸ ಹೊದಿಕೆ



ನಮ್ಮ ಸಂಘದ ಲೆಕ್ಕ ಬರೆಯೋ ಕುರ್ಚಿ ಹರಿದಿದೆ. ಸ್ಪಂಜು ಪುಡಿಯಾಗಿದೆ. ಕೂತವರಿಗೆ ಹಲಗೆ ಒತ್ತಿ ಸೊಂಟ ನೋವು. ಆದರೆ ಕಾಲು, ಚಕ್ರ ಗಟ್ಟಿ ಇವೆ. ಗುಜರಿಗೆ ಯಾಕೆ ಹಾಕಬೇಕು? ಕೌದಿ ಹೊಲಿಯುವ ಕೈ ನಮ್ಮದು. ಮನೆ ಜಗಲಿ ಮೇಲೆ ನಾವೇ ಸರಿ ಮಾಡೋಣ.

ಕುರ್ಚಿಯನ್ನು ಮಗುಚಿ ಹಾಕೋಣ. ಸೀಟಿನ ಅಡಿಯ ಸ್ಕ್ರೂ ಬಿಚ್ಚಿದರೆ ಸೀಟು ಬೇರೆ ಬರುತ್ತದೆ. ನಡುವಿನ ಕಬ್ಬಿಣದ ಕೊಳವೆಯನ್ನು ಮಾತ್ರ ಬಿಚ್ಚಬೇಡಿ, ಬಡಿಯಬೇಡಿ. ಎತ್ತರ ಏರಿಸಿ ಇಳಿಸುವ ಕುರ್ಚಿಯ ಕೊಳವೆಯಲ್ಲಿ ಗ್ಯಾಸನ್ನು ಒತ್ತಿ ತುಂಬಿರುತ್ತಾರೆ. ಸಿಡಿಯಬಹುದು.

ಹಳೆ ಪಿನ್ನುಗಳನ್ನು ಇಕ್ಕಳದಿಂದ ಕಿತ್ತು ಡಬ್ಬಿಗೆ ಹಾಕಿ. ಮಕ್ಕಳು ಬರಿಗಾಲಲ್ಲಿ ಓಡಾಡ್ತಾರಲ್ಲ! ಹರಿದ ರೆಕ್ಸಿನ್ ಎಸೆಯಬೇಡಿ. ಅದೇ ನಮಗೆ ಅಳತೆ. ಹೊಸ ರೆಕ್ಸಿನ್ ಮೇಲೆ ಅದನ್ನು ಹಾಸಿ, ಸುತ್ತ 2 ಬೆರಳು ಹೆಚ್ಚು ಬಿಟ್ಟು ಕತ್ತರಿಸಿ. 2 ಅಂಗುಲ ದಪ್ಪದ ಸ್ಪಂಜು ಸಾಕು. ಹತ್ತಿ ಬೇಡ, ಗಂಟು ಕಟ್ಟುತ್ತದೆ.

ಮೊಳೆ ಹೊಡೆಯಲು ಅವಸರ ಬೇಡ. ಹಲಗೆಯ ಅಡಿಯಲ್ಲಿ, ಮುಂಭಾಗದ ನಡುವೆ ಒಂದು ಮೊಳೆ. ಅದರ ಎದುರಿಗೆ ಹಿಂದೆ ಒಂದು. ಆಮೇಲೆ ಎಡಕ್ಕೆ, ಬಲಕ್ಕೆ. ಪ್ರತಿ ಸಲ ರೆಕ್ಸಿನ್ ಎಳೆದು ಹಿಡೀಬೇಕು. ಮೂಲೆ ಕೊನೆಗೆ. ಅಲ್ಲಿ ಸೀರೆ ನೆರಿಗೆಯ ಹಾಗೆ ಮಡಚಿ. ಮೊಳೆ ಹಲಗೆಯ ದಪ್ಪಕ್ಕಿಂತ ಚಿಕ್ಕದಿರಲಿ. ಇಲ್ಲದಿದ್ದರೆ ಕೂತವರಿಗೆ ಚುಚ್ಚುತ್ತೆ!

ಶನಿವಾರ ಲೆಕ್ಕ ಬರೆಯಬೇಕು. ಅಷ್ಟರಲ್ಲಿ ಕುರ್ಚಿ ಆಗಬೇಕು. ಸುತ್ತಿಗೆ ಯಾರ ಮನೇಲಿದೆ?