ಹವಾಲ್ದಾರ್ ಆಲಿಂ ಬೇಗ್: ಒಂದು ತಲೆಬುರುಡೆಯ ಚರಿತ್ರೆ



1857ರ ಸಂಗ್ರಾಮದ ಮಾತು ಬಂದಾಗಲೆಲ್ಲ ನಾವು ಬಹಾದ್ದೂರ್ ಶಾ ಝಫರ್, ಬೇಗಂ ಹಝ್ರತ್ ಮಹಲ್, ಮೌಲವಿ ಅಹ್ಮದುಲ್ಲಾ ಶಾ, ಝಾನ್ಸಿಯ ರಾಣಿ ಲಕ್ಷ್ಮೀಬಾಯಿ ಮೊದಲಾದವರನ್ನು ಸ್ಮರಿಸುತ್ತೇವೆ. ಸ್ಮರಿಸಬೇಕಾದದ್ದೇ. ಆದರೆ ಆ ಸಂಗ್ರಾಮದ ಭಾರವನ್ನು ನಿಜವಾಗಿ ಹೊತ್ತವರು ತಿಂಗಳಿಗೆ ಏಳು ರೂಪಾಯಿ ಸಂಬಳದ ಸಿಪಾಯಿಗಳು. ಅವರಲ್ಲಿ ಬಹುತೇಕರಿಗೆ ಚರಿತ್ರೆಯಲ್ಲಿ ಹೆಸರಿಲ್ಲ. ಅಂಥವರ ಪೈಕಿ ಒಬ್ಬನ ಹೆಸರು ಅತ್ಯಂತ ವಿಚಿತ್ರವಾದ ರೀತಿಯಲ್ಲಿ ಉಳಿದುಕೊಂಡಿದೆ. ಇಂದು ಅವನ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

1963ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ವಾಮರ್ ಎಂಬ ಕಡಲತೀರದ ಊರಿನಲ್ಲಿ ಒಂದು ಮದ್ಯದಂಗಡಿಯ ಮಾಲಕತ್ವ ಬದಲಾಯಿತು. ಹೊಸ ಮಾಲಕರಿಗೆ ಅದರ ಹಿಂಬದಿಯ ಕೋಣೆಯಲ್ಲಿ, ಹಳೆಯ ಸಾಮಾನುಗಳ ನಡುವೆ, ಕೆಳದವಡೆಯಿಲ್ಲದ ಒಂದು ಮನುಷ್ಯನ ತಲೆಬುರುಡೆ ಸಿಕ್ಕಿತು. ಅದರ ಕಣ್ಣಿನ ಗೂಡಿನೊಳಗೆ ಮಡಚಿ ತುರುಕಿದ್ದ ಒಂದು ಕೈಬರಹದ ಚೀಟಿಯಿತ್ತು. ಆ ಅಂಗಡಿಯ ಹೆಸರು ‘ಲಾರ್ಡ್ ಕ್ಲೈಡ್’. 1857ರ ಬಂಡಾಯವನ್ನು ಹತ್ತಿಕ್ಕಿದ ಬ್ರಿಟಿಷ್ ದಂಡನಾಯಕ ಕಾಲಿನ್ ಕ್ಯಾಂಬೆಲ್‌ಗೆ ಸಂದ ಬಿರುದು ಅದು!

ಚೀಟಿಯ ಸಾರಾಂಶ ಹೀಗಿದೆ: ಇದು ಬಂಗಾಳ ಸೇನೆಯ 46ನೇ ಪದಾತಿ ರೆಜಿಮೆಂಟಿನ ಹವಾಲ್ದಾರ್ ‘ಆಲಂ ಭೇಗ್’ನ ತಲೆ. ಆತನನ್ನು ಅದೇ ರೆಜಿಮೆಂಟಿನ ಇತರ ಕೆಲವರೊಂದಿಗೆ ಫಿರಂಗಿಯ ಬಾಯಿಗೆ ಕಟ್ಟಿ ಉಡಾಯಿಸಲಾಯಿತು. ಆತ ದಂಗೆಯ ಮುಖ್ಯ ನಾಯಕ, ಕ್ರೂರ ಸ್ವಭಾವದವನು. ಡಾ. ಗ್ರಹಾಂ ಎಂಬವರನ್ನು ಮಗಳ ಪಕ್ಕದಲ್ಲೇ ಗುಂಡಿಕ್ಕಿ ಕೊಂದವನು, ಮಿಷನರಿ ಹಂಟರ್‌ರನ್ನೂ ಅವರ ಪತ್ನಿ ಮತ್ತು ಪುತ್ರಿಯರನ್ನೂ ಕೊಂದವನು. ವಯಸ್ಸು ಸುಮಾರು 32, ಎತ್ತರ ಐದು ಅಡಿ ಏಳೂವರೆ ಇಂಚು, ನೋಡಲು ಕುರೂಪಿಯಲ್ಲ. ಮರಣದಂಡನೆಯ ವೇಳೆ ಕರ್ತವ್ಯದಲ್ಲಿದ್ದ ಕ್ಯಾಪ್ಟನ್ ಕಾಸ್ಟೆಲೋ ಎಂಬಾತ ಈ ಬುರುಡೆಯನ್ನು ಊರಿಗೆ ತಂದನು.

ಒಬ್ಬ ಮನುಷ್ಯನ ಇಡೀ ಬದುಕಿಗೆ ಇಷ್ಟೇ ದಾಖಲೆ. ಅದೂ ಅವನನ್ನು ಕೊಂದವರ ಕೈಬರಹ.

ಬುರುಡೆಯನ್ನು ಇಟ್ಟುಕೊಂಡಿದ್ದ ಕುಟುಂಬಕ್ಕೆ ಅದು ಸದಾ ಇರುಸುಮುರುಸಿನ ವಸ್ತುವಾಗಿತ್ತು. ಅವರು 2014ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದ ಇತಿಹಾಸಕಾರ ಕಿಮ್ ವಾಗ್ನರ್‌ರನ್ನು ಸಂಪರ್ಕಿಸಿದರು. ತಜ್ಞರ ಪರೀಕ್ಷೆಯು ಚೀಟಿಯ ವಿವರಗಳಿಗೆ ಹೊಂದುವಂತಿತ್ತು: ಏಷ್ಯಾ ಮೂಲದ ಪುರುಷ, ವಯಸ್ಸು ಮೂವತ್ತರ ನಡುಭಾಗ. ಅನಂತರ ವಾಗ್ನರ್ ವರ್ಷಗಟ್ಟಲೆ ದಾಖಲೆಗಳನ್ನು ಜಾಲಾಡಿ 2017ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹೆಸರಿನ ಸರಿಯಾದ ರೂಪ ಆಲಿಂ ಬೇಗ್ ಎಂದು ಅವರು ಗುರುತಿಸಿದರು. ಬ್ರಿಟಿಷರ ಕಿವಿಗೆ ಬಿದ್ದ ನಮ್ಮ ಹೆಸರುಗಳಿಗೆ ಏನೇನು ಗತಿಯಾಗಿದೆಯೆಂಬುದನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಹಾಗಾದರೆ ಆಲಿಂ ಬೇಗ್‌ನ ಮನೆತನ ಯಾವುದು? ಈತ ಉತ್ತರ ಭಾರತದ ಸುನ್ನಿ ಮುಸ್ಲಿಂ. ರೆಜಿಮೆಂಟಿಗೆ ಭರ್ತಿ ನಡೆಯುತ್ತಿದ್ದ ಪ್ರದೇಶವನ್ನು ನೋಡಿದರೆ ಕಾನ್ಪುರದ ಸುತ್ತಮುತ್ತಲಿನವನಿರಬೇಕು. ಅಂದಿನ ಬಂಗಾಳ ಸೇನೆಯಲ್ಲಿ ಕುಟುಂಬಕ್ಕೂ ರೆಜಿಮೆಂಟಿಗೂ ನಡುವೆ ಗೋಡೆಯಿರಲಿಲ್ಲ. ರಜೆಯಲ್ಲಿ ಊರಿಗೆ ಹೋದ ಸಿಪಾಯಿ ಮರಳುವಾಗ ತಮ್ಮನನ್ನೋ ಸೋದರಳಿಯನನ್ನೋ ಭರ್ತಿಗೆ ಕರೆತರುತ್ತಿದ್ದನು. ಅವನು ಉಳಿಸಿ ಕಳುಹಿಸಿದ ಹಣದಲ್ಲಿ ಊರಿನ ಹೊಲದ ಕಂದಾಯ ಸಂದಾಯವಾಗುತ್ತಿತ್ತು, ತಂಗಿಯ ನಿಕಾಹ್ ನಡೆಯುತ್ತಿತ್ತು. ಅವಧ್‌ನ ಸಿಪಾಯಿಗಳಿಗಂತೂ ತಮ್ಮ ಮನೆಯ ಜಮೀನಿನ ವ್ಯಾಜ್ಯವನ್ನು ಸೇನಾಧಿಕಾರಿಯ ಮೂಲಕ ಲಕ್ನೋದ ಬ್ರಿಟಿಷ್ ರೆಸಿಡೆಂಟನಿಗೆ ಸಲ್ಲಿಸುವ ವಿಶೇಷ ಸವಲತ್ತಿತ್ತು. 1856ರಲ್ಲಿ ಅವಧ್ ರಾಜ್ಯವನ್ನೇ ಕಂಪೆನಿ ನುಂಗಿದಾಗ ಆ ಸವಲತ್ತಿನ ಬೆಲೆಯೂ ಹೋಯಿತು, ಮನೆಯ ಮಾನವೂ ಹೋಯಿತು. ಕೊಬ್ಬು ಸವರಿದ ತೋಟಾಗಳ ಕಥೆ ಎಲ್ಲರಿಗೂ ಗೊತ್ತು. ಆದರೆ ಆ ಕಿಡಿ ಬಿದ್ದದ್ದು ಇಂತಹ ಒಣಹುಲ್ಲಿನ ಮೇಲೆ.

46ನೇ ರೆಜಿಮೆಂಟು ಆಗ ಪಂಜಾಬಿನ ಸಿಯಾಲ್‌ಕೋಟಿನಲ್ಲಿತ್ತು. ಹೊಸ ಎನ್‌ಫೀಲ್ಡ್ ಬಂದೂಕಿನ ತರಬೇತಿಗಾಗಿ ಆರಿಸಿದ್ದ ಮೂರು ಕೇಂದ್ರಗಳಲ್ಲಿ ಸಿಯಾಲ್‌ಕೋಟೂ ಒಂದು. 1857ರ ಜುಲೈ 9ರಂದು ಅಲ್ಲಿ ಬಂಡಾಯ ಸಿಡಿಯಿತು. ಅಂದು ನಡೆದದ್ದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಡಾ. ಗ್ರಹಾಂ ಕೊಲ್ಲಲ್ಪಟ್ಟರು. ಸ್ಕಾಟ್ಲೆಂಡಿನ ಮಿಷನರಿ ಥಾಮಸ್ ಹಂಟರ್, ಅವರ ಪತ್ನಿ ಮತ್ತು ಹಸುಗೂಸನ್ನು ರಸ್ತೆಯಲ್ಲೇ ಕೊಲ್ಲಲಾಯಿತು. ತಾಯಿಯನ್ನೂ ಮಗುವನ್ನೂ ಕೊಲ್ಲುವುದಕ್ಕೆ ಯಾವ ಸಂಗ್ರಾಮದ ಹೆಸರಿನಲ್ಲೂ ಸಮರ್ಥನೆಯಿಲ್ಲ. ಅದೇ ದಿನ, ಅದೇ ಊರಿನಲ್ಲಿ, 46ನೇ ರೆಜಿಮೆಂಟಿನ ಸಿಪಾಯಿಗಳು ತಮ್ಮ ಕೆಲವು ಬ್ರಿಟಿಷ್ ಅಧಿಕಾರಿಗಳನ್ನು ಸುತ್ತುವರಿದು ಕಾಪಾಡಿದ್ದೂ ದಾಖಲಾಗಿದೆ. ನಮ್ಮೊಂದಿಗೆ ಬನ್ನಿ, ಹೆಚ್ಚಿನ ಸಂಬಳ ಕೊಡುತ್ತೇವೆ, ಬೇಸಿಗೆಯಲ್ಲಿ ಬೆಟ್ಟದ ಊರಿಗೆ ಹೋಗಲೂ ರಜೆ ಕೊಡುತ್ತೇವೆ ಎಂದು ಅವರನ್ನು ಒತ್ತಾಯಿಸಿದರಂತೆ!

ಆಲಿಂ ಬೇಗ್ ಅಂದು ಏನು ಮಾಡಿದನು? ವಾಗ್ನರ್ ತಲುಪಿದ ತೀರ್ಮಾನ ಗಮನಾರ್ಹವಾಗಿದೆ. ಬಂಡಾಯದ ಕಾಲದ ವರದಿಗಳಲ್ಲಿ, ಪತ್ರಗಳಲ್ಲಿ ಎಲ್ಲೂ ಈ ಕೊಲೆಗಳೊಂದಿಗೆ ಆಲಿಂ ಬೇಗ್‌ನ ಹೆಸರಿಲ್ಲ. ಹಂಟರ್ ಕುಟುಂಬವನ್ನು ಕೊಂದವನು ಸಿಪಾಯಿಯೇ ಅಲ್ಲ; ಕೋರ್ಟಿನಲ್ಲಿ ಕೈದಿಗಳಿಗೆ ಛಡಿಯೇಟು ಹೊಡೆಯುವ ನೌಕರಿಯಲ್ಲಿದ್ದ ಹುರ್ಮತ್ ಖಾನ್. ಚೀಟಿ ಬರೆದವನಿಗೆ ಹಂಟರ್ ದಂಪತಿಗಳಿಗಿದ್ದದ್ದು ಪುತ್ರಿಯರಲ್ಲ, ಒಂದೇ ಕೂಸು ಎಂಬುದೂ ತಿಳಿದಿರಲಿಲ್ಲ. ಊರಲ್ಲಿ ನಡೆದ ಎಲ್ಲ ಕೊಲೆಗಳನ್ನೂ ಕೈಗೆ ಸಿಕ್ಕ ಒಂದು ತಲೆಯ ಮೇಲೆ ಹೊರಿಸಲಾಯಿತು. ಗದ್ದಲದ ದಿನಗಳಲ್ಲಿ ಯಾರೋ ಮಾಡಿದ್ದು ಯಾರ ಹೆಸರಿಗೋ ಬರೆಯಲ್ಪಡುವುದು 1857ಕ್ಕೆ ಮಾತ್ರ ಸೀಮಿತವಾದ ಸಂಗತಿಯಲ್ಲವೆಂದು ನಿಮಗೂ ಗೊತ್ತಿದೆ.

ಬಂಡಾಯಗಾರರು ದಿಲ್ಲಿಯತ್ತ ಹೊರಟರು. ರಾವಿ ನದಿಯ ತ್ರಿಮ್ಮು ಘಾಟಿನಲ್ಲಿ ಜಾನ್ ನಿಕೋಲ್ಸನ್‌ನ ಸೇನೆ ಅವರನ್ನು ಅಡ್ಡಗಟ್ಟಿತು. ಜುಲೈ 12ರ ಕಾಳಗದಲ್ಲಿ ಸೋತವರು ನದಿಯ ನಡುವಿನ ದ್ವೀಪದಲ್ಲಿ ಆಶ್ರಯ ಪಡೆದರು. ನದಿ ಉಕ್ಕಿ ಹರಿಯುತ್ತಿತ್ತು. ಜುಲೈ 16ರಂದು ಆ ದ್ವೀಪದ ಮೇಲೂ ದಾಳಿ ನಡೆಯಿತು. ಅನೇಕರು ಅಲ್ಲೇ ಮಡಿದರು, ಅನೇಕರು ಪ್ರವಾಹದಲ್ಲಿ ಕೊಚ್ಚಿಹೋದರು. ಆಲಿಂ ಬೇಗ್ ಬದುಕುಳಿದನು. ಸುಮಾರು ಒಂದು ವರ್ಷ ಬೆಟ್ಟಗುಡ್ಡಗಳಲ್ಲಿ ಅಲೆದು, ಕೊನೆಗೆ ಸೆರೆಸಿಕ್ಕಿ, 1858ರ ಜುಲೈನಲ್ಲಿ ಅದೇ ಸಿಯಾಲ್‌ಕೋಟಿನಲ್ಲಿ ಫಿರಂಗಿಗೆ ಬಲಿಯಾದನು.

ಫಿರಂಗಿಗೆ ಕಟ್ಟಿ ಕೊಲ್ಲುವ ಶಿಕ್ಷೆಯನ್ನು ಬ್ರಿಟಿಷರು ಕಂಡುಹಿಡಿದದ್ದಲ್ಲ, ಮೊಗಲರೂ ಅದನ್ನು ಬಳಸಿದ್ದರು. ಆದರೆ 1857-58ರಲ್ಲಿ ಅದರ ಹಿಂದೆ ಒಂದು ಲೆಕ್ಕಾಚಾರವಿತ್ತು. ದೇಹವು ಛಿದ್ರವಾದರೆ ಮುಸ್ಲಿಮನಿಗೆ ಕಫನ್ ಇಲ್ಲ, ಹಿಂದೂವಿಗೆ ಚಿತೆಯಿಲ್ಲ. ಸಾವಿಗೆ ಅಂಜದವರನ್ನು ಸಾವಿನ ಆಚೆಗಿನ ಅವಮಾನದಿಂದ ಅಂಜಿಸುವುದು ಅದರ ಉದ್ದೇಶವಾಗಿತ್ತು.

ಮನೆಯವರ ಮಾತಿಗೆ ಬರುತ್ತೇನೆ. ಒಬ್ಬ ಸಿಪಾಯಿ ಸತ್ತರೆ ಊರಿಗೆ ಸುದ್ದಿ ತಲುಪುತ್ತಿದ್ದದ್ದು ರೆಜಿಮೆಂಟಿನ ಸಂಗಾತಿಗಳಿಂದ. ಇಲ್ಲಿ ರೆಜಿಮೆಂಟೇ ಅಳಿಯಿತು. ಸುದ್ದಿ ಒಯ್ಯಬೇಕಾದವರು ರಾವಿಯ ಪಾಲಾದರು. ಇಂತಹ ಮನೆಗಳಲ್ಲಿ ತಾಯಿ ಎಷ್ಟು ವರ್ಷ ಬಾಗಿಲು ನೋಡಿರಬೇಕು, ಪತ್ನಿ ತನ್ನನ್ನು ವಿಧವೆಯೆಂದು ಯಾವಾಗ ಬಗೆದಿರಬೇಕು! ನಮ್ಮ ಮನೆಗಳಲ್ಲಿ ಅಜ್ಜನ ಅಜ್ಜನ ಹೆಸರು ಬಲ್ಲವರು ಎಷ್ಟು ಮಂದಿಯಿದ್ದಾರೆ? ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ ಎಂದು ಈ ಸಂದರ್ಭದಲ್ಲಿ ಯುವಕರಿಗೆ ಹೇಳಬಯಸುತ್ತೇನೆ.

ಹೆಸರೇ ಇಲ್ಲದವರ ಮೂಲವನ್ನು ಎಲುಬಿನಿಂದ ಹುಡುಕಿದ ಉದಾಹರಣೆಯೂ ಇದೆ. 1857ರ ಜುಲೈ ಕೊನೆಯಲ್ಲಿ ಲಾಹೋರಿನ ಮಿಯಾನ್ ಮೀರ್‌ನಲ್ಲಿ ದಂಗೆಯೆದ್ದ 26ನೇ ರೆಜಿಮೆಂಟಿನ ಸಿಪಾಯಿಗಳನ್ನು ಅಮೃತಸರದ ಬಳಿಯ ಅಜ್ನಾಲಾದಲ್ಲಿ ಕೊಂದು ಹಾಳುಬಾವಿಗೆ ಎಸೆಯಲಾಗಿತ್ತು. ಸತ್ತವರು 282 ಎಂದು ಆ ಕೃತ್ಯದ ನೇತೃತ್ವ ವಹಿಸಿದ್ದ ಡೆಪ್ಯುಟಿ ಕಮಿಷನರ್ ಫ್ರೆಡರಿಕ್ ಕೂಪರ್ ಸ್ವತಃ ಹೆಮ್ಮೆಯಿಂದ ಬರೆದಿದ್ದಾನೆ. 2014ರಲ್ಲಿ ಆ ಬಾವಿಯನ್ನು ಅಗೆಯಲಾಯಿತು. ಹಲ್ಲುಗಳ ಮೇಲೆ ನಡೆದ ಡಿಎನ್‌ಎ ಮತ್ತು ಐಸೋಟೋಪ್ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಬಾಲ್ಯದಲ್ಲಿ ಕುಡಿದ ನೀರಿನ, ತಿಂದ ಅನ್ನದ ಗುರುತು ಹಲ್ಲಿನಲ್ಲಿ ಉಳಿದಿರುತ್ತದೆ. ಆ ಗುರುತು ಅವರು ಗಂಗಾ ಬಯಲಿನ ಮಕ್ಕಳೆಂದು ಸಾಕ್ಷಿ ಹೇಳಿತು.

ಆಲಿಂ ಬೇಗ್‌ನ ಬುರುಡೆಯನ್ನು ಇಟ್ಟುಕೊಂಡಿದ್ದ ಕುಟುಂಬವೂ ವಾಗ್ನರ್ ಅವರೂ ಅದು ಉಪಖಂಡಕ್ಕೆ ಮರಳಿ ಗೌರವದಿಂದ ದಫನವಾಗಬೇಕೆಂದು ಬಯಸಿದರು. ತಲೆಯೊಂದೇ ಸಿಕ್ಕಿದಾಗ ಜನಾಝಾ ನಮಾಝ್ ಉಂಟೇ ಎಂದು ಕೆಲವರು ಕೇಳಬಹುದು. ಶಾಫಿಈ ವಿದ್ವಾಂಸರು ದೇಹದ ಭಾಗಕ್ಕೂ ನಮಾಝ್ ಇದೆಯೆನ್ನುತ್ತಾರೆ. ಹನಫಿಗಳು ದೇಹದ ಹೆಚ್ಚಿನ ಭಾಗ, ಅಥವಾ ತಲೆಯೊಂದಿಗೆ ಅರ್ಧದೇಹವಾದರೂ ಇರಬೇಕೆನ್ನುತ್ತಾರೆ. ಬಟ್ಟೆಯಲ್ಲಿ ಸುತ್ತಿ ಗೌರವದಿಂದ ಮಣ್ಣು ಮಾಡಬೇಕೆನ್ನುವುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಆದರೆ ಯಾವ ಮಣ್ಣು? ಹುಟ್ಟೂರಿನ ಪ್ರದೇಶ ಇಂದಿನ ಉತ್ತರಪ್ರದೇಶದಲ್ಲಿದೆ, ಸತ್ತ ಊರು ಪಾಕಿಸ್ತಾನದಲ್ಲಿದೆ. ವಾಗ್ನರ್ ಸೂಚಿಸಿದ ಜಾಗ ರಾವಿ ನದಿಯ ಅದೇ ದ್ವೀಪ, ಮೊದಲ ದಿನದ ಕಾಳಗದ ನಂತರ ಆಲಿಂ ಬೇಗ್ ಮತ್ತು ಸಂಗಾತಿಗಳು ಆಶ್ರಯ ಪಡೆದಿದ್ದ ತಾಣ. 1857ರಲ್ಲಿ ಅಲ್ಲಿ ಗಡಿಯಿರಲಿಲ್ಲ. ಇಂದು ಎರಡು ದೇಶಗಳ ಗಡಿರೇಖೆ ಹಾದುಹೋಗುವುದು ಅಲ್ಲಿಯೇ.